ಹನ್ನೊಂದು ಸೆಕೆಂಡಿನ ಮೌನ

ಊರಿನ ಮನೆಯ ಕಪಾಟಿನ ಕೆಳಗಿನ ಅರೆಯನ್ನು ಖಾಲಿ ಮಾಡುವಾಗ ಒಂದು ಕ್ಯಾಸೆಟ್ ಸಿಕ್ಕಿತು. ಡಬ್ಬಿ ತೆರೆದರೆ ತಂಬಾಕಿನ ಘಾಟು. ಒಳಗೊಂದು ಒಣ ಎಲೆ, ಮುಟ್ಟಿದ ಕೂಡಲೇ ಪುಡಿಯಾಯಿತು. ನಮ್ಮ ನಿಪ್ಪಾಣಿಯಲ್ಲಿ ಹುಳ ಬೀಳದಿರಲೆಂದು ಟ್ರಂಕಿನ ಸೀರೆಗಳ ನಡುವೆ ತಂಬಾಕಿನ ಎಲೆ ಇಡುವವರಿದ್ದರು. ಕ್ಯಾಸೆಟ್ಟಿನ ಡಬ್ಬಿಯೊಳಗೆ ಇಡುತ್ತಿದ್ದವರು ನನಗೆ ಗೊತ್ತಿದ್ದಂತೆ ಒಬ್ಬರೇ, ಟೇಪಿನ ಕಾಕಾ.

ಕಾಕಾ ನನ್ನ ಸಂಬಂಧಿಕರಲ್ಲ. ನಮ್ಮ ಓಣಿಯ ತುದಿಗೆ ಅವರ ಅಂಗಡಿ. ಭಜನೆ, ಮರಾಠಿ ಭಾವಗೀತೆ ಕ್ಯಾಸೆಟ್ಟಿಗೆ ತುಂಬಿಕೊಟ್ಟು, ರೇಡಿಯೊ ರಿಪೇರಿ ಮಾಡಿ ಸಂಸಾರ ನಡೆಸುತ್ತಿದ್ದರು. ಆದರೆ ಅವರ ಜೀವವಿದ್ದದ್ದು ಇಂಗ್ಲೆಂಡಿನ ಒಂದು ಹಳೆಯ ಪ್ರೊಗ್ರೆಸಿವ್ ರಾಕ್ ಬ್ಯಾಂಡಿನಲ್ಲಿ. ಅವರ ಕ್ಯಾಸೆಟ್ಟಿನ ಒಂದು ಮಗ್ಗುಲಿಗೆ ಒಂದೇ ಹಾಡು, ಇಪ್ಪತ್ತು ನಿಮಿಷದ್ದು. ಅದರದೇ ಒಂದು ಪ್ರತಿ ನನಗೂ ತುಂಬಿಕೊಟ್ಟಿದ್ದರು, ಈಗ ಸಿಕ್ಕಿದ್ದು ಅದು. ಕಾಕಾನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ. ಹಾಡಿನ ಮಾತು ತಿಳಿಯದಿದ್ದರೂ ಎಲ್ಲಿ ಯಾವ ತಂತಿ ಮಿಡಿಯುತ್ತದೆಂದು ಬಾಯಿಪಾಠ ಹೇಳುತ್ತಿದ್ದರು.

ರವಿವಾರ ಬೆಳಗ್ಗೆ ನಾವು ಐದಾರು ಕಾಲೇಜು ಹುಡುಗರು ಅಲ್ಲಿ ಸೇರುತ್ತಿದ್ದೆವು. ಇಬ್ಬರು ಚಿಕ್ಕೋಡಿಯಿಂದ ಬಸ್ಸು ಹಿಡಿದು ಬರುತ್ತಿದ್ದರು. ವಾದ ಪ್ರತಿವಾರ ಒಂದೇ. ಆ ಬ್ಯಾಂಡು ಉಳಿಯುತ್ತದೋ ಇಲ್ಲವೋ? ಇಪ್ಪತ್ತು ನಿಮಿಷದ ಹಾಡೆಲ್ಲ ಬರೀ ಡೌಲು, ಅದರ ಕಾಲ ಮುಗಿಯಿತು ಎಂದು ಕೆಲವರು. ಹಳೆಯ ಕೀಬೋರ್ಡಿನವನು ಬಿಟ್ಟುಹೋದ ದಿನವೇ ಅದು ಸತ್ತಿತು ಎಂದು ಕೆಲವರು. ಎಲ್ಲರದೂ ಮುಗಿದ ಮೇಲೆ ಕಾಕಾ ಆ ಕ್ಯಾಸೆಟ್ ಹಾಕುತ್ತಿದ್ದರು. ನಡುವೆ ಒಂದು ಕಡೆ ಗಿಟಾರು, ಡ್ರಮ್ಮು ಎಲ್ಲ ಒಟ್ಟಿಗೆ ಆಳಕ್ಕೆ ಇಳಿಯುತ್ತ ಹೋಗಿ ನಿಂತುಬಿಡುತ್ತಿದ್ದವು. ಹನ್ನೊಂದು ಸೆಕೆಂಡು ಏನೂ ಇಲ್ಲ. ಆಮೇಲೆ ಪಾತಾಳದಿಂದ ಎದ್ದಂತೆ ಹಾಡು ಮೇಲೆ ಬರುತ್ತಿತ್ತು. ಮೊದಲ ಸಲ ಕೇಳಿದಾಗ ನಾನು ಅತ್ತಿದ್ದೆ... ಅದನ್ನು ಯಾರಿಗೂ ಹೇಳಿಲ್ಲ.

"ಇಷ್ಟ ದೊಡ್ಡ ಹಾಡಿನ ನಡುವ ಸುಮ್ಮಕ ಕೂಡಾಕ ಎದಿ ಬೇಕ್ರಿ. ಇವ್ರಿಗೆ ಸಾವಿಲ್ಲ," ಎನ್ನುತ್ತಿದ್ದರು ಕಾಕಾ. ಅಲ್ಲಿಗೆ ವಾದ ಮುಗಿಯುತ್ತಿತ್ತು.

ಒಂದು ರವಿವಾರ ನಾನು, ಮೌನಕ್ಕಿಂತ ಆರಂಭದ ಡ್ರಮ್ಮೇ ಮೇಲು ಎಂದೆ. ಎಲ್ಲರೆದುರು ಕಾಕಾ ನಕ್ಕು, "ನಿನ್ನ ಕಿವಿಗೆ ಲಗ್ನದ ಬ್ಯಾಂಡ ಸಾಕ ಬಿಡಲೇ," ಎಂದರು. ಹುಡುಗರು ಹೊಟ್ಟೆ ಹಿಡಿದುಕೊಂಡು ನಕ್ಕರು. ಕಾಕಾನಿಗೆ ಅದು ತಮಾಷೆ, ಮರುಗಳಿಗೆಗೆ ಮರೆತು ಚಹಾ ತರಿಸಿದರು. ನಾನು ಮರೆಯಲಿಲ್ಲ. ನಾನು ಅಂಥವನೇ, ಈಗಲೂ.

ಆ ವರ್ಷ ಪರೀಕ್ಷೆಗೆಂದು ಪುಣೆಗೆ ಹೋದಾಗ ಅದೇ ಹಾಡಿನ ಅಸಲಿ ಸೀಡಿ ಸಿಕ್ಕಿತು. ಕೇಳಿದೆ. ಆ ಜಾಗದಲ್ಲಿ ಹಾಡು ನಿಲ್ಲಲಿಲ್ಲ, ಸರಾಗವಾಗಿ ಮುಂದಕ್ಕೆ ಹೋಯಿತು. ಎರಡು ದಿನ ತಲೆ ಕೆಡಿಸಿಕೊಂಡ ಮೇಲೆ ಹೊಳೆಯಿತು. ಕಾಕಾ ತಮ್ಮ ಕ್ಯಾಸೆಟ್ಟನ್ನು ಮಿರಜಿನಲ್ಲಿ ಯಾರದೋ ಗ್ರಾಮಫೋನ್ ಪ್ಲೇಟಿನಿಂದ ತುಂಬಿಸಿಕೊಂಡು ಬಂದಿದ್ದರು. ತುಂಬುವಾಗ ಕರೆಂಟು ಹೋಗಿದೆ. ಟೇಪು ಬ್ಯಾಟರಿ ಶೆಲ್ಲಿನ ಮೇಲೆ ಓಡುತ್ತಿತ್ತು, ಪ್ಲೇಟು ಕರೆಂಟಿನ ಮೇಲೆ. ಪ್ಲೇಟು ಮೆಲ್ಲಗೆ ನಿಂತಿದೆ, ಹನ್ನೊಂದು ಸೆಕೆಂಡಿಗೆ ಕರೆಂಟು ಬಂದು ಮತ್ತೆ ತಿರುಗಿದೆ. ರೇಡಿಯೊ ಬಿಚ್ಚಿ ಕಟ್ಟುವ ಮನುಷ್ಯನಿಗೆ ಇಷ್ಟು ತಿಳಿಯಲಿಲ್ಲವೇ ಎಂದು ನೀವು ಕೇಳಬಹುದು. ಅಷ್ಟು ಪ್ರೀತಿಯಿಂದ ಕೇಳುವವನು ದೋಷ ಹುಡುಕುತ್ತ ಕೂಡುವುದಿಲ್ಲ.

ಅವರೊಬ್ಬರಿಗೇ ಹೇಳಬಹುದಿತ್ತು. ನಾನು ಒಂದು ತಿಂಗಳು ಕಾದೆ. ಬೆಳಗಾವಿಯ ಒಂದು ಪತ್ರಿಕೆಯವರು ಕಾಕಾನ ಬಗ್ಗೆ ಬರೆಯಲು ಬರುತ್ತಾರೆಂದು ಗೊತ್ತಾಗಿತ್ತು. ಅವತ್ತು ಕಾಕಾ ಇಸ್ತ್ರಿ ಅಂಗಿ ಹಾಕಿದ್ದರು, ಮಗಳನ್ನೂ ಅಂಗಡಿಗೆ ಕರೆತಂದಿದ್ದರು. ಕ್ಯಾಸೆಟ್ ಹಾಕಿ, ಮೌನ ಬಂದಾಗ ಕೈಯೆತ್ತಿ ಎಲ್ಲರನ್ನೂ ಸುಮ್ಮನಿರಿಸಿದರು. ಹಾಡು ಮುಗಿಯಿತು. ನಾನು ಸೀಡಿ ತೆಗೆದು, ಈಗ ಇದನ್ನೂ ಕೇಳೋಣ ಎಂದೆ.

ಆ ಜಾಗ ಬಂತು. ಕಾಕಾನ ಕೈ ತಾನಾಗಿ ಮೇಲೆದ್ದಿತು. ಹಾಡು ನಿಲ್ಲಲಿಲ್ಲ. ಕೈ ಅಲ್ಲೇ ಉಳಿಯಿತು...

ನಾನು ಕರೆಂಟಿನ ಕತೆಯನ್ನು ಪಾಠ ಮಾಡುವವನಂತೆ ಬಿಡಿಸಿ ಹೇಳಿದೆ. ಮೊದಲು ನಕ್ಕವನು ಪತ್ರಿಕೆಯವನು. ಆಮೇಲೆ ಹುಡುಗರು. ಮಗಳು ಅಪ್ಪನ ಮುಖ ನೋಡುತ್ತಿದ್ದಳು. ಕಾಕಾ ಕೈ ಇಳಿಸಿ, ನನ್ನೊಬ್ಬನನ್ನೇ ಕೇಳಿದರು:

"ಮೊದಲಿನದ ಚಂದ ಇತ್ತಿಲ್ಲೋ?"

ನಾನು ಗೆದ್ದ ಗತ್ತಿನಲ್ಲಿ ಸೀಡಿಯನ್ನು ಅಲ್ಲೇ ಬಿಟ್ಟು, ನೀವೇ ಇಟ್ಟುಕೊಳ್ಳಿ ಎಂದು ಬಂದೆ.

ಪತ್ರಿಕೆಯಲ್ಲಿ ಅದು ನಗೆಬರಹವಾಗಿ ಬಂತು. ಊರಿನಲ್ಲಿ ಕರೆಂಟು ಹೋದಾಗಲೆಲ್ಲ, ಕಾಕಾನ ಹಾಡು ಬಂತು ನೋಡಿ ಎಂದು ಜನ ನಗುತ್ತಿದ್ದರು. ಇಂಗ್ಲಿಷ್ ತಿಳಿಯದವರೂ ಅಂಗಡಿಯ ಮುಂದೆ ನಿಂತು ಹನ್ನೊಂದರವರೆಗೆ ಎಣಿಸಿ ಹೋಗುತ್ತಿದ್ದರು. ರವಿವಾರದ ಕೂಟ ನಿಂತಿತು. ಕಾಕಾ ಮೊಬೈಲ್ ರಿಚಾರ್ಜ್ ಬೋರ್ಡು ಹಾಕಿಕೊಂಡರು. ಎದುರು ಸಿಕ್ಕರೆ ನನಗೆ, ಆರಾಮ್ ಅದೀರೇನ್ರಿ ಎಂದು ಬಹುವಚನದಲ್ಲಿ ಕೇಳುತ್ತಿದ್ದರು. ಆ 'ರಿ' ನನಗೆ ಚುಚ್ಚುತ್ತಿತ್ತು. ಆದರೂ ತಪ್ಪಾಯಿತು ಅನ್ನಲಿಲ್ಲ. ನಾನು ಹೇಳಿದ್ದು ಸುಳ್ಳಲ್ಲವಲ್ಲ, ಎಂದುಕೊಂಡೇ ಇಷ್ಟು ವರ್ಷ ಕಳೆದೆ.

ಅವರು ತೀರಿಕೊಂಡಾಗ ನಾನು ಅಥಣಿಯಲ್ಲಿ ನೌಕರಿಯಲ್ಲಿದ್ದೆ, ಹೋಗಲಿಲ್ಲ. ಈಗ ಕ್ಯಾಸೆಟ್ ಸಿಕ್ಕ ಮೇಲೆ, ಹಾಕಲು ಟೇಪು ಸಿಕ್ಕೀತೇ ಎಂಬ ನೆಪದಲ್ಲಿ ಅಂಗಡಿಗೆ ಹೋದೆ. ಮಗಳು ನಡೆಸುತ್ತಿದ್ದಾಳೆ. ಗುರುತು ಹಿಡಿಯಲಿಲ್ಲ. ಟೇಪು ಎಂದೋ ಗುಜರಿಗೆ ಹೋಯಿತಂತೆ. ಅಪ್ಪ ಕಡೆಯವರೆಗೂ ಒಂದು ಸೀಡಿ ಕೇಳುತ್ತಿದ್ದರೆಂದಳು.

"ಹಾಡಿನ ನಡುವ ಒಂದ ಜಾಗಾ ಬಂತಂದ್ರ ಗುಂಡಿ ಒತ್ತಿ ನಿಂದರಸತಿದ್ರು. ಸ್ವಲ್ಪ ಸುಮ್ಮನ ಕುಂತ, ಮತ್ತ ಚಾಲೂ ಮಾಡತಿದ್ರು. ದಿನಾ ಹಂಗ. ವಯಸ್ಸಾತು, ತಲಿ ನೆಟ್ಟಗಿಲ್ಲ ಅಂತ ನಾವ ಸುಮ್ಮನ ಬಿಟ್ವಿ."

ನಾನೇ ಆ ಹುಡುಗ ಎಂದು ಅವಳಿಗೆ ಹೇಳಲಿಲ್ಲ. ಅಪ್ಪನ ತಲೆ ನೆಟ್ಟಗಿತ್ತು ಎಂದೂ ಹೇಳಲಿಲ್ಲ. ಹೇಳಿದ್ದರೆ ಉಳಿದದ್ದನ್ನೂ ಹೇಳಬೇಕಾಗುತ್ತಿತ್ತು.

ಮನೆಗೆ ಬಂದು ಫೋನಿನಲ್ಲಿ ಆ ಹಾಡು ಹಾಕಿದೆ. ಕೆಳಗಿನ ಕಾಮೆಂಟುಗಳಲ್ಲಿ ಯಾರ್ಯಾರೋ ಬ್ಯಾಂಡು ಉಳಿಯಿತೋ ಸತ್ತಿತೋ ಎಂದು ಇನ್ನೂ ಜಗಳಾಡುತ್ತಿದ್ದಾರೆ. ಆ ಜಾಗ ಬಂದಾಗ ನಿಲ್ಲಿಸಿ ಎಣಿಸತೊಡಗಿದೆ. ಏಳಕ್ಕೆ ಕಾಕಾ ಅವತ್ತು ಕೇಳಿದ ಪ್ರಶ್ನೆ ಕಿವಿಗೆ ಬಂತು. ಎಂಟಕ್ಕೆ ಕಾಯಲು ನನ್ನಿಂದ ಆಗಲಿಲ್ಲ, ಗುಂಡಿ ಒತ್ತಿಬಿಟ್ಟೆ.