ಬಾಲ್ಕನಿಯಲ್ಲೇ ಉಳಿದ ಬಿರಿಯಾನಿ

“ನಿಮ್ಮ ಅಡುಗೆಮನೆಯಲ್ಲಿ ಎಂದಾದರೂ ಮಾಂಸ ಬೇಯಿಸಿದ್ದೀರಾ?”

ಆಫೀಸಿನ ಕೆಲಸಕ್ಕೆಂದು ಲಂಡನ್ನಿನಿಂದ ಬಂದಿದ್ದ ಎಂಜಿನಿಯರ್, ಮಸ್ಕತ್ತಿನ ದಾರ್ಸೈಟ್‌ ಬಡಾವಣೆಯ ನಮ್ಮ ಫ್ಲ್ಯಾಟಿಗೆ ಊಟಕ್ಕೆ ಬಂದವರು, ಹೀಗೆ ಕೇಳಿದರು. ತೊಂಬತ್ತರ ದಶಕದ ಮಾತು. ಪಾಪ, ಬರೀ ಸೊಪ್ಪು ತಿನ್ನಿಸುತ್ತಾರೆಂದು ಹೆದರಿದ್ದಾರೆ ಎಂದುಕೊಂಡೆ. ದೊರೆಗಳಿಗೆ ಹುಳಿ, ಪಲ್ಯ ಬಡಿಸುವುದು ಮಹಾಪಚಾರವೆಂದು ತೀರ್ಮಾನಿಸಿ, ಹುಟ್ಟಾ ಸಸ್ಯಾಹಾರಿಯಾದ ನಾನು ರೂವಿಯ ಹೋಟೆಲಿನಿಂದ ಮಟನ್ ಬಿರಿಯಾನಿ ತರಿಸಿದ್ದೆ. ಅದನ್ನೇ ಹೆಮ್ಮೆಯಿಂದ ಹೇಳಿದೆ.

ಅವರ ಮುಖ ಬಾಡಿತು. ತಾವು ಯಹೂದಿ, ತಮ್ಮ ವಿಧಿಯಂತೆ ಸಿದ್ಧವಾಗದ ಮಾಂಸವನ್ನಾಗಲಿ, ಅದು ಬೆಂದ ಪಾತ್ರೆಯ ಅಡುಗೆಯನ್ನಾಗಲಿ ಉಣ್ಣುವುದಿಲ್ಲ, ಮಸ್ಕತ್ತಿಗೆ ಬಂದಾಗಿನಿಂದ ಖರ್ಜೂರ, ಬಾಳೆಹಣ್ಣೇ ಗತಿ ಎಂದರು.

ಒಳಗಿನಿಂದ ನನ್ನ ಹೆಂಡತಿ ಕೂಗಿದಳು: “ಅಯ್ಯೋ, ಅದು ಬಾಲ್ಕನೀಲೇ ಇದೆ ಅಂತ ಹೇಳ್ರೀ! ನನ್ನ ಅಡುಗೆಮನೆಗೆ ಬಿಟ್ಕೋತೀನಾ ಅದನ್ನ?”

ಅನುವಾದಿಸಿದೆ. ಅವರು ದೊಡ್ಡದಾಗಿ ಉಸಿರುಬಿಟ್ಟು ನಕ್ಕರು. ಹುಳಿಯನ್ನವನ್ನು ಕೇಳಿ ಕೇಳಿ ಹಾಕಿಸಿಕೊಂಡರು. ಅನ್ನ ಬಡಿಸಿದ ಹೆಂಡತಿ ಮೊಸರು ಮುಟ್ಟುವ ಮುನ್ನ ಮುಸುರೆಯೆಂದು ಕೈ ತೊಳೆದಳು. ಅದನ್ನು ವಿವರಿಸಲು ನಾನು ನಾಚಿಕೊಳ್ಳುತ್ತಿದ್ದರೆ ಅವರೇ ಹೇಳಿದರು: “ನಮ್ಮಮ್ಮ ಹಾಲಿಗೂ ಮಾಂಸಕ್ಕೂ ಬೇರೆ ಬೇರೆ ಪಾತ್ರೆ ಇಟ್ಟಿದ್ದರು. ನಾನೂ ಹಾಗೇ. ಮಗ ನನ್ನನ್ನು ಹಳೇ ಕಾಲದವನು ಅಂತಾನೆ. ಆದರೆ ಶುಕ್ರವಾರ ಸಂಜೆ ದೀಪ ಹಚ್ಚಿ ಊಟಕ್ಕೆ ಕೂರೋ ಹೊತ್ತಿಗೆ ತಪ್ಪದೆ ಬಂದುಬಿಡ್ತಾನೆ!”

ಮಡಿ, ಮುಸುರೆಗಳನ್ನು ಆಫೀಸಿನವರಿಂದ ಬಚ್ಚಿಡುವ ನನ್ನ ಕಷ್ಟ ಅಂದಿಗೆ ಖಲಾಸ್. ಆಮೇಲೆ ಯಾರೇ ಬರಲಿ, ನಾವು ಉಣ್ಣುವುದನ್ನೇ ಬಡಿಸಿದ್ದೇವೆ. ಮುನಿಸಿಕೊಂಡು ಎದ್ದುಹೋದವರು ಇದುವರೆಗೆ ಯಾರೂ ಇಲ್ಲ.