ನಟ್ಟಿನ ಕೊನೆಯ ಎರಡು ಸುತ್ತು

ಮೂರು ವರ್ಷದ ಹಿಂದೆ, ಬೇಸಿಗೆಯ ಒಂದು ಬೆಳಿಗ್ಗೆ ಹತ್ತೂವರೆಗೆ ನಾನು ಮಧುಗಿರಿಯ ಒಂದು ಗ್ಯಾರೇಜಿನೊಳಗೆ, ಇಕ್ಕಳದಂತೆ ಕಚ್ಚಿಹಿಡಿಯುವ ವೈಸ್ ಕೂರಿಸಿದ್ದ ಮೇಜಿನಿಂದ ನಾಲ್ಕು ಹೆಜ್ಜೆ ದೂರದಲ್ಲಿ ನಿಂತಿದ್ದೆ. ಆ ದೂರವನ್ನು ಆಮೇಲೆ ಅಳೆದು ನೋಡಿದ್ದೇನೆ.

ಅಲ್ಲಿನ ಮೆಕ್ಯಾನಿಕ್ ಬಹಳ ಕಾಲ ನನ್ನ ಹಳೆಯ ಜೀಪನ್ನು ನೋಡಿಕೊಂಡವನು. ಜೀಪಿನ ಮುಂದಿನ ಚಕ್ರಗಳಿಗೆ ಪಟ್ಟಿ ಸ್ಪ್ರಿಂಗು; ಶಾಕ್ ಅಬ್ಸಾರ್ಬರ್ ಬೇರೆಯೇ ಇತ್ತು. ಜಾಕ್ ಕೊಟ್ಟು ಗಾಡಿ ಎತ್ತಿದರೆ ಸ್ಪ್ರಿಂಗಿನ ಭಾರ ಇಳಿಯುತ್ತಿತ್ತು, ಶಾಕಿನ ನಟ್ಟು ಬಿಚ್ಚಿದರೆ ಏನೂ ಆಗುತ್ತಿರಲಿಲ್ಲ. ಜೀಪು ಮಾರಿ ನಾನು ಕೊಂಡ ಕಾರಿನಲ್ಲಿ ಶಾಕು, ಅದರ ಸುತ್ತ ಸುರುಳಿ ಸ್ಪ್ರಿಂಗು, ಎರಡೂ ಸೇರಿ ಒಂದೇ ಕಂಬ. ಗಾಡಿಯಿಂದ ಹೊರತೆಗೆದರೂ ಆ ಸ್ಪ್ರಿಂಗು ಒತ್ತಿಕೊಂಡೇ ಇರುತ್ತದೆ. ಅದನ್ನು ಹಿಡಿದಿರುವುದು ಕಂಬದ ತುದಿಯ ಒಂದು ನಟ್ಟು. ನನಗೆ ಇದು ಗೊತ್ತಿರಲಿಲ್ಲ. ಕಾರುಗಳನ್ನು ಮುಟ್ಟದಿದ್ದ ಅವನಿಗೂ ಗೊತ್ತಿರಲಿಲ್ಲ. ಕಾರಿನ ಕೆಟ್ಟ ಶಾಕು ಬದಲಿಸಲು ನನ್ನ ಮುಲಾಜಿಗೆ ಒಪ್ಪಿದ್ದ.

"ಮಧ್ಯಾಹ್ನದೊಳಗೆ ಪಾವಗಡ ಸೇರಬೇಕಪ್ಪ" ಅಂದೆ. ಎರಡು ಸಲ ಅಂದೆ.

"ಗಾಡಿಯಿಂದ ಆಚೆ ಬಂತಲ್ಲ ಮೇಷ್ಟ್ರೇ, ಇನ್ನೆಲ್ಲೈತೆ ಭಾರ? ನೀವು ಟೀ ಕುಡಿಯೋದ್ರಾಗೆ ಬಿಚ್ಬುಡ್ತೀನಿ."

ಕಂಬವನ್ನು ವೈಸಿಗೆ ನೆಟ್ಟಗೆ ಕಚ್ಚಿಸಿ, ಮುಖವನ್ನು ಅದರ ಮೇಲೆ ಬಗ್ಗಿಸಿ ಸ್ಪ್ಯಾನರ್ ತಿರುಗಿಸತೊಡಗಿದ.

ಆ ಗ್ಯಾರೇಜು ಶುರು ಮಾಡಿದ ಅವನ ತಂದೆ ಬೆಂಚಿನ ಮೇಲೆ ಕೂತಿದ್ದರು. ಸ್ವಲ್ಪ ಹೊತ್ತು ನೋಡಿ ಎದ್ದು ಬಂದರು.

"ಲೇ, ನಿಲ್ಸು. ಕೈ ತೆಗೀಬ್ಯಾಡ."

"ಯಾಕಪ್ಪ?"

"ಭಾರ ಇಲ್ದಿದ್ರೆ ನಟ್ಟು ಇಷ್ಟೊತ್ತಿಗೆ ಬೆರಳಲ್ಲೇ ಬರ್ಬೇಕಿತ್ತು. ಇನ್ನೂ ಸ್ಪ್ಯಾನರ್ ಕೇಳ್ತೈತೆ ಅಂದ್ರೆ ಕೆಳಗಿಂದ ಒತ್ತುತಾ ಐತೆ ಕಣ್ಲಾ. ಮುಖ ಪಕ್ಕಕ್ಕೆ ತಗೊ. ಅಂಗೇ ವಾಪಸ್ ತಿರುಗ್ಸು. ಪಾವಗಡ ಎಲ್ಲೂ ಓಡೋಗಲ್ಲ."

ಕೊನೆಯ ಮಾತು ನನಗೆ.

ಇನ್ನೆರಡು ಸುತ್ತು ತಿರುಗಿದ್ದರೆ ನಟ್ಟು ಕಳಚುತ್ತಿತ್ತು. ಅವನು ಕಾಲು ಸುತ್ತು ವಾಪಸ್ ತಿರುಗಿಸುವುದು, ಉಸಿರು ಬಿಡುವುದು, ಮತ್ತೆ ಕಾಲು ಸುತ್ತು. ಸ್ಪ್ರಿಂಗು ಒಮ್ಮೆ ಕಿರ್ರೆಂದಿತು. ಟೀ ತಂದಿದ್ದ ಎದುರು ಅಂಗಡಿಯ ಹೆಂಗಸು ಲೋಟ ಹಿಡಿದು ಬಾಗಿಲಲ್ಲೇ ನಿಂತುಬಿಟ್ಟರು.

ಮಧ್ಯಾಹ್ನ ಶಿರಾದಿಂದ ಸ್ಪ್ರಿಂಗ್ ಹಿಡಿಯುವ ಕ್ಲಾಂಪು ತರಿಸಿ, ನಿಧಾನವಾಗಿ ಸಡಿಲಿಸಿದರು. ಬಿಟ್ಟ ಸ್ಪ್ರಿಂಗು ಮೊದಲಿಗಿಂತ ಒಂದು ಗೇಣು ಎತ್ತರ ನಿಂತಿತು. ಬೆಳಿಗ್ಗೆ ಅವನ ಮುಖ ನಟ್ಟಿನಿಂದ ಒಂದು ಗೇಣೂ ದೂರ ಇರಲಿಲ್ಲ.

ತಂದೆ ಈಗಿಲ್ಲ. ಕಂಡವರಲ್ಲಿ ಉಳಿದಿರುವವರು ನಾನು, ಆ ಟೀ ಅಂಗಡಿಯವರು, ಮತ್ತೆ ಎರಡೂ ಕಣ್ಣು ನೆಟ್ಟಗಿರುವ ಆ ಮೆಕ್ಯಾನಿಕ್.