ಮದುಮಗಳ ಮೈ ನೋಡುವವಳು

ಇನ್ಶಿರಾ ದೊಡ್ಡ ಮನಸ್ಸಿನ ಹೆಂಗಸು ಎನ್ನುವವರು ನೈಲ್ ದಂಡೆಯ ಮನ್ಸೂರಾ ಊರಿನ ನಮ್ಮ ಗಲ್ಲಿಯಲ್ಲಿ ಇನ್ನೂ ಇದ್ದಾರೆ. ಅವರ ಬಾಯಿಗೆ ಮಣ್ಣು ಹಾಕ. ಅವಳ ಮುಖ ಕಂಡರೆ ನಾನು ಉರಿದುಬೀಳಲು ಶುರುವಾಗಿ ಮೂವತ್ತೊಂದು ವರ್ಷವಾಯಿತು. ಪ್ರೀತಿಸುವವರು ಅರ್ಧ ಮರೆತುಬಿಡುತ್ತಾರೆ. ನಾನು ಒಂದನ್ನೂ ಮರೆತಿಲ್ಲ, ಆದ್ದರಿಂದ ಅವಳ ಕಥೆ ಹೇಳಲು ನನಗಿಂತ ಯೋಗ್ಯರು ಯಾರೂ ಇಲ್ಲ.

ಅವಳು ಬಲ್ಲಾನ, ಎಂದರೆ ಮದುಮಗಳ ಮೈಕೂದಲು ತೆಗೆಯುವವಳು. ಮದರಂಗಿಯ ಹಿಂದಿನ ದಿನ ಹುಡುಗಿಯ ಮನೆಗೆ ಬಂದು, ಸಕ್ಕರೆಗೆ ನಿಂಬೆರಸ ಹಿಂಡಿ ಪಾಕ ಕಾಯಿಸುತ್ತಾಳೆ. ಅದು ಉಗುರುಬೆಚ್ಚಗಾದ ಮೇಲೆ ಬೆರಳಲ್ಲಿ ಎಳೆದೆಳೆದು ನಾದಿ, ಉಂಡೆ ಮಾಡಿ, ಹುಡುಗಿಯ ಚರ್ಮಕ್ಕೆ ಹಚ್ಚಿ ಕೀಳುತ್ತಾಳೆ. ಸುಳ್ಳು ಯಾಕೆ ಹೇಳಲಿ, ಕೈ ಮಾತ್ರ ಚಿನ್ನ. ಹುಡುಗಿ ಅಯ್ಯೋ ಎನ್ನುವಷ್ಟರಲ್ಲಿ ಕಾಲು ಮುಗಿದಿರುತ್ತಿತ್ತು. ತನ್ನ ಪಾಕ ಇದುವರೆಗೆ ಒಬ್ಬರ ಚರ್ಮವನ್ನೂ ಸುಟ್ಟಿಲ್ಲ ಎಂದು ಅವಳು ಸತ್ತವರ ಮನೆಯಲ್ಲೂ ಕೊಚ್ಚಿಕೊಳ್ಳುತ್ತಿದ್ದಳು.

ಆದರೆ ಅವಳನ್ನು ಕಳಿಸುತ್ತಿದ್ದವಳು ಹುಡುಗನ ತಾಯಿ. ಅಲ್ಲೇ ಇರುವುದು ಸಂಗತಿ. ಕೆಲಸ ಮುಗಿಸಿ ಅವಳು ನೇರವಾಗಿ ಹುಡುಗನ ಮನೆಗೆ ಹೋಗಿ, ಚಹಾ ಕುಡಿದು, ಹುಡುಗಿಯ ಮೈಯಲ್ಲಿ ಎಲ್ಲಿ ಏನಿದೆ ಎಂದು ಒಪ್ಪಿಸಬೇಕು. ಬಟ್ಟೆ ಅಂಗಡಿಯಲ್ಲಿ ಥಾನು ಬಿಚ್ಚಿ ತೂತು ಹುಡುಕುವ ಹಾಗೆ.

ನನಗೆ ಒಂಬತ್ತು ವರ್ಷವಿದ್ದಾಗ ಸೀಮೆಎಣ್ಣೆ ಸ್ಟವ್ ಭಗ್ಗೆಂದು ಹತ್ತಿ ಸೊಂಟದ ಪಕ್ಕ ಅಂಗೈಯಗಲ ಸುಟ್ಟಿತ್ತು. ರೈಲ್ವೆಯಲ್ಲಿ ಕೆಲಸಕ್ಕಿದ್ದ ಆದಿಲ್ ಜೊತೆ ನನ್ನ ಮದುವೆ ನಿಶ್ಚಯವಾಗಿತ್ತು. ಆದಿಲ್ ನಕ್ಕರೆ ಎಡಗೆನ್ನೆಯಲ್ಲಿ ಗುಳಿ ಬೀಳುತ್ತಿತ್ತು. ಇನ್ಶಿರಾ ಬಂದಳು, ಪಾಕ ಹಚ್ಚಿದಳು, ಆ ಕಲೆ ನೋಡಿ ಕೈ ನಿಲ್ಲಿಸಿದಳು. ಮತ್ತೆ ಏನೂ ಆಗದವಳ ಹಾಗೆ ಕೆಲಸ ಮುಂದುವರಿಸಿದಳು. ಮಾರನೆಯ ದಿನ ಆದಿಲನ ತಾಯಿ ಬಂದು ನಿಶ್ಚಯಕ್ಕೆ ಹಾಕಿದ ಚಿನ್ನ ವಾಪಸು ಕೇಳಿದರು. ಮದರಂಗಿ ಕಲಸಿಟ್ಟ ಬಟ್ಟಲು ಹಾಗೇ ಒಣಗಿತು. ಆಮೇಲೆ ನನ್ನನ್ನು ಕಟ್ಟಿದ್ದು ನನಗಿಂತ ಇಪ್ಪತ್ತೆರಡು ವರ್ಷ ದೊಡ್ಡವನಾದ, ಹೆಂಡತಿ ಸತ್ತ, ದಮ್ಮಿನ ರೋಗದ ಗಂಡಿಗೆ. ಹದಿನೆಂಟು ವರ್ಷ ಅವನ ಕೆಮ್ಮು ಕೇಳಿದೆ. ದೇವರು ಅವನನ್ನು ಕ್ಷಮಿಸಲಿ, ಒಬ್ಬಳು ಮಗಳನ್ನು ಕೊಟ್ಟು ಹೋದ.

ಮಗಳು ಮಾಯ್ಸಾ. ನಾಲ್ಕು ವರ್ಷದವಳಿದ್ದಾಗ ವಡೆ ಕರಿಯುತ್ತಿದ್ದ ಎಣ್ಣೆ ಸಿಡಿದು ಅವಳ ತೊಡೆಯ ಮೇಲೂ ಕಲೆಯಾಯಿತು. ಹಣೆಬರಹಕ್ಕೆ ನಾಚಿಕೆ ಬೇಡವೇ! ಅವಳನ್ನು ಒಪ್ಪಿದ ಹೈಸಮ್ ಔಷಧಿ ಅಂಗಡಿಯಲ್ಲಿರುವ ಸಾಧು ಹುಡುಗ. ಮಾಯ್ಸಾ ತಾನೇ ಅವನಿಗೆ ಎಲ್ಲ ಹೇಳಿದ್ದಳು. "ನಂಗೇನೂ ಇಲ್ಲ, ಅಮ್ಮಂಗೆ ಮಾತ್ರ ಗೊತ್ತಾಗ್ದೇ ಇರ್ಲಿ," ಅಂದಿದ್ದನಂತೆ. ಅಮ್ಮ ಎಂದರೆ ಉಮ್ ಹೈಸಮ್, ಹಳೆಯ ಕಾಲದ ಗಟ್ಟಿ ಮುದುಕಿ. ಮಗನ ತಲೆ ಬಾಚುವವಳು ಇವತ್ತಿಗೂ ಅವಳೇ. ಮಂಗಳವಾರ ಬಲ್ಲಾನ ಬರುತ್ತಾಳೆ, ನೀರು ಕಾಯಿಸಿಟ್ಟಿರಿ ಎಂದು ಹೇಳಿ ಕಳಿಸಿದಳು. ಬರುವವಳು ಇನ್ನಾರು, ಇನ್ಶಿರಾ.

ಬೇಡ, ನಮ್ಮ ಹುಡುಗಿ ನೈಲ್ ದಂಡೆಯ ಬ್ಯೂಟಿ ಸೆಂಟರಿಗೆ ಹೋಗುತ್ತಾಳೆ ಎಂದು ತಿರುಗಿ ಹೇಳಿ ಕಳಿಸಿದೆ. ನನ್ನಂಥ ಪೆದ್ದಿ ಇನ್ನೊಬ್ಬಳಿಲ್ಲ. ಹುಡುಗನ ತಾಯಿ ಕಳಿಸಿದ ಬಲ್ಲಾನಳನ್ನು ಬೇಡವೆಂದರೆ ನಮ್ಮಲ್ಲಿ ಒಂದೇ ಅರ್ಥ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು.

ಆ ಸೆಂಟರಿನ ಹೆಸರೂ ನನಗೆ ಬೇಡ. ಗಾಜಿನ ಬಾಗಿಲು, ಗುಲಾಬಿ ಸಮವಸ್ತ್ರ, ಗೋಡೆಯ ಮೇಲೆ ಸರ್ಟಿಫಿಕೇಟು. ಅಲ್ಲಿನ ಹುಡುಗಿ ಕಿವಿಗೆ ಫೋನು ಸಿಕ್ಕಿಸಿಕೊಂಡು ಯಾರದೋ ಜೊತೆ ನಗುತ್ತಲೇ ಕುದಿಯುವ ಮೇಣ ತಂದು ಹಚ್ಚಿದಳಂತೆ. ಮಾಯ್ಸಾ ಕಿರುಚಿದರೆ "ಮದುವೆ ಆಗೋಳು ಇಷ್ಟಕ್ಕೇ ಅಳ್ತಾರಾ?" ಎಂದಳಂತೆ. ಪಟ್ಟಿ ಕಿತ್ತಾಗ ಕೂದಲಿನ ಜೊತೆ ಚರ್ಮವೂ ಬಂತು. ಮನೆಗೆ ಬಂದ ಮಗಳ ಮೊಣಕಾಲಿಂದ ಮೇಲೆಲ್ಲ ಬೊಬ್ಬೆ ಎದ್ದಿತ್ತು. ಅವಳನ್ನು ಮಲಗಿಸುತ್ತಿದ್ದೆ, ಅಷ್ಟರಲ್ಲಿ ಬಾಗಿಲು ಬಡಿದರು. ಉಮ್ ಹೈಸಮ್, ಅವಳ ಬೆನ್ನಿಗೆ ಇನ್ಶಿರಾ.

"ಏನಮ್ಮಾ ಸನಿಯ್ಯ, ನಾನು ಕಳಿಸಿದ ಬಲ್ಲಾನ ನಿನಗೆ ಬೇಡವಾದ್ಲಾ?" ಎಂದಳು ಉಮ್ ಹೈಸಮ್, ಕೂರದೆಯೇ.

"ಈಗಿನ ಹುಡುಗೀರು, ಸೆಂಟರೇ ಬೇಕು ಅಂತಾರೆ."

"ಅವಳು ಬೇಕು ಅಂದ್ಲೋ, ನೀನು ಬೇಡ ಅಂದ್ಯೋ? ನಿನ್ನ ಹಳೇ ಕಥೆ ನಂಗೊತ್ತಿಲ್ಲ ಅನ್ಕೊಂಡ್ಯಾ? ಗಡಿಗೆ ಬೋರಲು ಹಾಕಿದ್ರೂ ಮಗಳು ತಾಯಿ ಥರಾನೇ ಬರ್ತಾಳೆ. ಇನ್ಶಿರಾ, ಹೋಗು ಒಳಗೆ, ನೋಡ್ಕೊಂಡು ಬಾ. ಏನಾದ್ರೂ ಇದ್ರೆ ಇವತ್ತೇ ಉಂಗುರ ಬಿಚ್ಚಿಸ್ಕೊಂಡು ಹೋಗ್ತೀನಿ."

ನಾನು ಕೋಣೆಯ ಬಾಗಿಲಿಗೆ ಅಡ್ಡ ನಿಂತೆ. "ನನ್ನ ಹೆಣ ದಾಟ್ಕೊಂಡು ಹೋಗು."

ಒಳಗಿನಿಂದ ಮಾಯ್ಸಾಳ ದನಿ ಬಂತು. "ಬಿಡಮ್ಮಾ. ಬರ್ಲಿ."

ಇನ್ಶಿರಾ ನನ್ನ ಭುಜ ಸರಿಸಿ ಒಳಗೆ ಹೋದಳು. ಕ್ಷಣದಲ್ಲಿ ಅವಳ ಕೂಗು. "ಏ ಸನಿಯ್ಯಾ, ತಣ್ಣಗಿರೋ ಮೊಸರು ತಾರೇ, ಬೇಗ!" ತಂದು ಕೊಟ್ಟೆ. ಬಟ್ಟಲು ಕಸಿದುಕೊಂಡು ನನ್ನ ಮುಖದ ಮೇಲೆಯೇ ಬಾಗಿಲು ಹಾಕಿದಳು. ನನ್ನದೇ ಮನೆ, ನನ್ನದೇ ಬಾಗಿಲು. ಹೊರಗೆ ನಿಂತು ನಾನು ದೇವರಿಗೆ ಹರಕೆ ಹೊರುತ್ತಿದ್ದೆ, ಅವಳಿಗೆ ಶಾಪ ಹಾಕುತ್ತಿದ್ದೆ.

ಅವಳು ಹೊರಗೆ ಬಂದಾಗ ಮೊಣಕೈವರೆಗೆ ಮೊಸರು, ಮುಖ ಕೆಂಪು.

"ಆ ಸೆಂಟರಿನೋಳ ಕೈ ಸೇದಿಹೋಗಾ! ಮೊಣಕಾಲಿಂದ ತೊಡೆವರೆಗೂ ಸುಟ್ಟಿಟ್ಟವ್ಳೆ. ರೋಡಿಗೆ ಹಾಕೋ ಡಾಂಬರು ತಂದು ಹೆಣ್ಮಕ್ಕಳ ಮೈಗೆ ಸುರೀತಾರೆ, ಮೇಲೆ ಸರ್ಟಿಫಿಕೇಟು ಬೇರೆ ಇವ್ರಿಗೆ!"

"ಅದು ಬಿಟ್ಟು?" ಎಂದಳು ಉಮ್ ಹೈಸಮ್.

"ಅದು ಬಿಟ್ರೆ ಹಾಲಿನ ಕೆನೆ. ತೊಡೆ ಮೇಲೊಂದು ಗುರುತು ಮಾತ್ರ ಉಳ್ಕೊಳ್ಳುತ್ತೆ, ಈಗಲೇ ಹೇಳಿರ್ತೀನಿ. ಅಲ್ಲಿ ಮೇಣ ಆಳಕ್ಕಿಳಿದಿದೆ. ನಾಳೆ ಕಂಡು, ಇನ್ಶಿರಾ ನಂಗೆ ಹೇಳ್ಲಿಲ್ಲ ಅನ್ಬೇಡ."

ಉಮ್ ಹೈಸಮ್ ನನ್ನ ಕಡೆ ತಿರುಗಿದಳು. "ನನ್ನ ಸೊಸೆ ಕಾಲು ಸುಡಿಸಿ ಕೂರ್ಸಿದ್ಯಲ್ಲೇ, ಶೋಕಿಗೆ ಹುಟ್ಟಿದೋಳೇ! ಬಾಯಿ ಮುಚ್ಕೊಂಡು ಈ ಇನ್ಶಿರಾ ಕೈಗೆ ಒಪ್ಸಿದ್ರೆ ಆಗ್ತಿತ್ತಾ ಹೀಗೆ?" ಬೈಗುಳ ಇನ್ನೂ ಬಹಳ ಇತ್ತು. ನನ್ನ ಕಿವಿಗೆ ಬಿದ್ದದ್ದು 'ನನ್ನ ಸೊಸೆ' ಒಂದೇ.

ಅವಳು ಮೆಟ್ಟಿಲಿಳಿದು ಹೋದ ಮೇಲೆ ಇನ್ಶಿರಾ ಚಪ್ಪಲಿ ಹುಡುಕುತ್ತಾ ಉಳಿದಳು. ನಾನು ಅವಳ ಕೈ ಹಿಡಿದು ಮುತ್ತಿಡಬೇಕಿತ್ತು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ, ಮಗಳ ಮದುವೆ ಮಾತ್ರ ಉಳಿಯಿತು. ಆದರೆ ನನ್ನ ಬಾಯಿಂದ ಬಂದದ್ದೇ ಬೇರೆ.

"ನನ್ನ ಸಲ ಇಂಥದ್ದೊಂದು ಮಾತು ನಿಂಗೆ ಹೊಳೀಲಿಲ್ವಾ? ಪಾಕ ಬಿಸಿ ಇತ್ತು, ನನ್ನ ಕೈಯಿಂದ್ಲೇ ಸುಟ್ಟೋಯ್ತು ಅಂತ. ಒಂದೇ ಒಂದು ಮಾತು."

ಅವಳು ಚಪ್ಪಲಿಗೆ ಕಾಲು ತೂರಿಸಿದಳು. "ಹೊಳೀತು ಕಣೇ. ಆದಿಲ್ ಮನೆ ಬಾಗಿಲಿನವರೆಗೂ ನಾಲಿಗೆ ಮೇಲೇ ಇತ್ತು. ನನ್ನ ಪಾಕ ಸುಟ್ಟಿತು ಅಂದಿದ್ರೆ ಮಾರನೇ ದಿನದಿಂದ ನನ್ನ ಯಾರು ಕರೀತಿದ್ರು?" ಮೊಸರಿನ ಕೈಯನ್ನು ಲಂಗಕ್ಕೆ ಒರೆಸಿಕೊಂಡಳು. "ಈಗ ಹೇಗೂ ಇಂಥ ಹಳೇ ಮುದುಕೀರು ಬಿಟ್ರೆ ಯಾರೂ ಕರೆಯೋಲ್ಲ. ಇವತ್ತು ಸೆಂಟರಿನೋರು ಸಿಕ್ರು, ಅವ್ರ ತಲೆ ಮೇಲೆ ಹಾಕ್ದೆ."

ಇಷ್ಟು ವರ್ಷ ನಾನು ಅವಳನ್ನು ಬೈದದ್ದು ಚಾಡಿಕೋರಿ, ನಾಲಿಗೆ ಹಿಡಿತವಿಲ್ಲದವಳು ಎಂದಷ್ಟೇ. ಕಡಿಮೆ ಬೈದಿದ್ದೆ.

ಮದುವೆಗೆ ಅವಳನ್ನು ಕರೆಯಲೇಬೇಕಾಯಿತು, ಮಾಯ್ಸಾ ಹಟ ಹಿಡಿದಳು. ಮಾಂಸದ ತಟ್ಟೆಯನ್ನು ಅವಳ ಮುಂದಿಟ್ಟವಳು ನಾನೇ, ಒಳ್ಳೆಯ ತುಂಡು ಆರಿಸಿ ಇಟ್ಟೆ. ತಿನ್ನು ಎನ್ನಲು ಮಾತ್ರ ನನ್ನಿಂದ ಆಗಲಿಲ್ಲ.